ಸಂತ ಆನ್ಸೆಲ್ಮ್: ಪ್ರಾರ್ಥಿಸುತ್ತಲೇ ಕಾರಣ ಕೇಳಿದ ಸನ್ಯಾಸಿ

ಏಪ್ರಿಲ್ 21 ಸಂತ ಆನ್ಸೆಲ್ಮರ ಸ್ಮರಣೆಯ ದಿನ. ದೇವರನ್ನು ನಂಬುವವನು ದೇವರಿದ್ದಾರೆ ಎನ್ನುವುದಕ್ಕೆ ಕಾರಣ ಕೇಳಬಹುದೇ? ಕೇಳಿದರೆ ಅವನ ವಿಶ್ವಾಸ ಕುಂದಿದೆ ಎಂದರ್ಥವೇ? ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳು ಹಿಂಜರಿಯುತ್ತಾ ಕೇಳುವ ಈ ಪ್ರಶ್ನೆ ಆನ್ಸೆಲ್ಮರ ನಿದ್ದೆಯನ್ನೇ ಕೆಡಿಸಿತ್ತು.

ಇವರು ಹುಟ್ಟಿದ್ದು 1033ರಲ್ಲಿ, ಇಂದಿನ ಇಟಲಿಯಲ್ಲಿರುವ ಆವೋಸ್ತಾ ಪಟ್ಟಣದಲ್ಲಿ. ತಾಯಿ ತೀರಿಕೊಂಡ ಮೇಲೆ ತಂದೆಯೊಂದಿಗೆ ಹೊಂದಾಣಿಕೆಯಾಗದೆ ಮನೆ ಬಿಟ್ಟರು. ಆಲ್ಪ್ಸ್ ಪರ್ವತ ದಾಟಿ, ಅಲ್ಲಿಲ್ಲಿ ಅಲೆದು, 1059ರಲ್ಲಿ ನಾರ್ಮಂಡಿಯ ಬೆಕ್ ಮಠಕ್ಕೆ ಬಂದರು. ಅಲ್ಲಿನ ಗುರು ಲಾನ್‌ಫ್ರಾಂಕರ ಪಾಂಡಿತ್ಯವೇ ಅವರನ್ನು ಸೆಳೆದದ್ದು. 1060ರಲ್ಲಿ ಬೆನೆಡಿಕ್ಟಿನ್ ಸನ್ಯಾಸಿಯಾದ ಅವರು 1078ರಲ್ಲಿ ಅದೇ ಮಠದ ಅಧಿಪತಿಯಾದರು.

ದೇವರ ಬಗ್ಗೆ ಪವಿತ್ರ ಗ್ರಂಥದ ಆಧಾರವನ್ನು ಮುಂದಿಡದೆ, ಕೇವಲ ವಿಚಾರದಿಂದ ಒಂದು ಧ್ಯಾನ ಬರೆದುಕೊಡಬೇಕೆಂದು ಮಠದ ಸಹೋದರರು ಕೇಳಿಕೊಂಡರು. ಆನ್ಸೆಲ್ಮರು 'ಮೊನೊಲೋಗಿಯೊನ್' ಬರೆದರು. ಆದರೆ ಅದರಲ್ಲಿ ಹಲವು ವಾದಗಳ ಸರಪಳಿಯೇ ಇತ್ತು. ತನ್ನಷ್ಟಕ್ಕೇ ನಿಲ್ಲುವ ಒಂದೇ ಒಂದು ವಾದ ಸಿಗಬಾರದೇ ಎಂಬ ಹಂಬಲ ಹತ್ತಿತು. ಊಟ ರುಚಿಸಲಿಲ್ಲ, ನಿದ್ದೆ ಬರಲಿಲ್ಲ, ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಇದು ಸೈತಾನನ ಶೋಧನೆಯೇ ಇರಬೇಕೆಂದು ಬಿಟ್ಟುಬಿಡಲೂ ನೋಡಿದರು. ಕೊನೆಗೆ ಒಂದು ರಾತ್ರಿ, ಸನ್ಯಾಸಿಗಳ ರಾತ್ರಿ ಪ್ರಾರ್ಥನೆಯ ನಡುವೆಯೇ, ಅದು ಹೊಳೆಯಿತು. ಮೇಣದ ಹಲಗೆಗಳ ಮೇಲೆ ಬರೆದು ಒಬ್ಬ ಸಹೋದರನ ಕೈಗೆ ಕೊಟ್ಟರೆ ಅವು ಕಳೆದುಹೋದವು. ಮತ್ತೆ ಬರೆದರೆ, ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಚೂರಾಗಿ ಬಿದ್ದಿದ್ದವು! ಚೂರುಗಳನ್ನು ಜೋಡಿಸಿ ಚರ್ಮದ ಹಾಳೆಗೆ ಇಳಿಸಿದ ಈ ಕಥೆಯನ್ನು ಅವರ ಸಂಗಡಿಗ ಈಡ್ಮರ್ ಬರೆದಿಟ್ಟಿದ್ದಾರೆ.

ಆ ಗ್ರಂಥವೇ 'ಪ್ರೊಸ್ಲೋಗಿಯೊನ್'. ಅದರ ವಾದ ಹೀಗಿದೆ. ಯಾವುದಕ್ಕಿಂತ ಮಿಗಿಲಾದುದನ್ನು ಯೋಚಿಸಲೂ ಸಾಧ್ಯವಿಲ್ಲವೋ ಅದನ್ನೇ ನಾವು ದೇವರೆನ್ನುತ್ತೇವೆ. ದೇವರಿಲ್ಲ ಎನ್ನುವವನಿಗೂ ಈ ಮಾತಿನ ಅರ್ಥ ಆಗುತ್ತದೆ, ಅಂದರೆ ಅದು ಅವನ ಬುದ್ಧಿಯಲ್ಲಿದೆ. ಬುದ್ಧಿಯಲ್ಲಿ ಮಾತ್ರ ಇದ್ದು ವಾಸ್ತವದಲ್ಲಿ ಇಲ್ಲದಿದ್ದರೆ, ವಾಸ್ತವದಲ್ಲೂ ಇರುವಂಥದ್ದು ಅದಕ್ಕಿಂತ ಮಿಗಿಲಾಗುತ್ತದೆ. ಮಿಗಿಲಾದುದೇ ಇಲ್ಲದ್ದಕ್ಕೆ ಮಿಗಿಲಾದದ್ದು ಇದೆ ಎಂದಂತಾಯಿತು, ಅದು ಅಸಂಗತ. ಆದ್ದರಿಂದ ದೇವರು ವಾಸ್ತವವಾಗಿಯೂ ಇದ್ದಾರೆ. ಇದೇ ಸೂತ್ರದಿಂದ ಅವರು ದೇವರ ಸ್ವಭಾವವನ್ನೂ ಬಿಡಿಸುತ್ತಾರೆ: ಇಲ್ಲದಿರುವುದಕ್ಕಿಂತ ಇರುವುದು ಉತ್ತಮವೆನಿಸುವ ನ್ಯಾಯ, ಕರುಣೆ, ಸರ್ವಶಕ್ತಿ ಎಲ್ಲವೂ ದೇವರಲ್ಲಿವೆ.

ಮೊದಲ ಓದಿಗೆ ಇದು ಬರೀ ಮಾತಿನ ಆಟದಂತೆ ಕಾಣುತ್ತದೆ. ಸೆಮಿನರಿಯಲ್ಲಿ ಇದನ್ನು ಓದಿದ ಗುರುಗಳಿಗೆಲ್ಲ ಆ ಅನುಭವವಿದೆ! ಆನ್ಸೆಲ್ಮರ ಕಾಲದಲ್ಲೇ ಫ್ರಾನ್ಸಿನ ಮಾರ್ಮುತಿಯೇ ಮಠದ ಸನ್ಯಾಸಿ ಗೌನಿಲೋ ಇದನ್ನು ಒಪ್ಪಲಿಲ್ಲ. ಎಲ್ಲ ದ್ವೀಪಗಳಿಗಿಂತ ಶ್ರೇಷ್ಠವಾದ ದ್ವೀಪವೊಂದನ್ನು ಊಹಿಸಿಕೊಂಡ ಮಾತ್ರಕ್ಕೆ ಅದು ಸಮುದ್ರದಲ್ಲಿ ಇರಲೇಬೇಕೇ ಎಂದು ಕೇಳಿದರು. ಆನ್ಸೆಲ್ಮರು ಕೋಪಿಸಿಕೊಳ್ಳಲಿಲ್ಲ. ತಮ್ಮ ವಾದ ದ್ವೀಪದಂಥ ವಸ್ತುಗಳಿಗಲ್ಲ, ದೇವರೊಬ್ಬರಿಗೇ ಸಲ್ಲುತ್ತದೆ ಎಂದು ಉತ್ತರಿಸಿ, ಆ ಆಕ್ಷೇಪವನ್ನೂ ಉತ್ತರವನ್ನೂ ಗ್ರಂಥದ ಜೊತೆಯಲ್ಲೇ ನಕಲು ಮಾಡಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡತನ ಕಾಣುವುದು ಇಲ್ಲಿಯೇ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರೂ ಈ ವಾದವನ್ನು ಬದಿಗಿಟ್ಟು, ಕಣ್ಣಿಗೆ ಕಾಣುವ ಸೃಷ್ಟಿಯಿಂದ ದೇವರ ಕಡೆಗೆ ಐದು ದಾರಿಗಳನ್ನು ತೋರಿಸಿದರು. ಆನ್ಸೆಲ್ಮರ ವಾದವನ್ನು ಒಪ್ಪಲೇಬೇಕೆಂದು ಧರ್ಮಸಭೆ ಯಾರನ್ನೂ ಒತ್ತಾಯಿಸಿಲ್ಲ.

ಆದರೆ ವಾದವನ್ನಷ್ಟೇ ಹೆಕ್ಕಿ ತೆಗೆದರೆ ಆ ಗ್ರಂಥ ಅರ್ಧವಾಗುತ್ತದೆ. ಅದು ಮೊದಲಿನಿಂದ ಕೊನೆಯವರೆಗೆ ದೇವರೊಡನೆ ಆಡಿದ ಮಾತು. ವಾದ ಮುಗಿದ ಮೇಲೂ ಆನ್ಸೆಲ್ಮರು ಸುಮ್ಮನಾಗುವುದಿಲ್ಲ: ದೇವರನ್ನು ಕಂಡುಕೊಂಡಿದ್ದರೆ ತನ್ನ ಆತ್ಮಕ್ಕೆ ಅದರ ಅನುಭವವೇಕೆ ಇಲ್ಲ ಎಂದು ಮೊರೆಯಿಡುತ್ತಾರೆ. ದೇವರು ನಮ್ಮ ಯೋಚನೆಗೆ ನಿಲುಕುವುದಕ್ಕಿಂತಲೂ ಮಿಗಿಲಾದವರು ಎಂದೂ ಒಪ್ಪಿಕೊಳ್ಳುತ್ತಾರೆ.

1093ರಲ್ಲಿ ಕಾಯಿಲೆ ಬಿದ್ದಿದ್ದ ಇಂಗ್ಲೆಂಡಿನ ರಾಜ 2ನೇ ವಿಲಿಯಂ ಅವರನ್ನು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿ ಆರಿಸಿದ. ಒಲ್ಲೆನೆಂದು ಬಿಗಿಹಿಡಿದ ಮುಷ್ಟಿಗೆ ಅಧಿಕಾರ ದಂಡವನ್ನು ಒತ್ತಿದರಂತೆ. ಧರ್ಮಸಭೆಯ ಹಕ್ಕಿಗಾಗಿ ಇಬ್ಬರು ರಾಜರನ್ನು ಎದುರಿಸಿ ಎರಡು ಸಲ ದೇಶಭ್ರಷ್ಟರಾದರು. ಮೊದಲ ಗಡೀಪಾರಿನಲ್ಲೇ, 1098ರಲ್ಲಿ, ದೇವರು ಮನುಷ್ಯರಾದದ್ದೇಕೆ ಎಂಬ ಗ್ರಂಥವನ್ನು ಇಟಲಿಯಲ್ಲಿ ಮುಗಿಸಿದರು. 1720ರಲ್ಲಿ ಪೋಪ್ 11ನೇ ಕ್ಲೆಮೆಂಟ್ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

1109ರ ಗರಿಗಳ ಭಾನುವಾರ ಹಾಸಿಗೆ ಹಿಡಿದಿದ್ದ ಆನ್ಸೆಲ್ಮರಿಗೆ, ಕೊನೆಗಾಲ ಹತ್ತಿರವಾಯಿತೆಂದು ಸಹೋದರರು ಹೇಳಿದರು. ದೇವರ ಚಿತ್ತಕ್ಕೆ ತಾನು ಸಿದ್ಧ, ಆದರೆ ಆತ್ಮದ ಮೂಲದ ಕುರಿತ ಪ್ರಶ್ನೆಯನ್ನು ಬಿಡಿಸುವಷ್ಟು ಸಮಯ ಕೊಟ್ಟರೆ ಸಂತೋಷ, ತನ್ನ ನಂತರ ಅದನ್ನು ಯಾರು ಬಿಡಿಸುತ್ತಾರೋ ಗೊತ್ತಿಲ್ಲ ಎಂದರಂತೆ. ಪವಿತ್ರ ವಾರದ ಬುಧವಾರ ಬೆಳಗಿನ ಜಾವ ಅವರು ತೀರಿಕೊಂಡರು. ಆ ಗ್ರಂಥವನ್ನು ಬರೆಯಲಾಗಲಿಲ್ಲ.