ಮೇರಿ ಕ್ಯೂರಿ: ಬೇರೆ ಭಾಷೆಯಲ್ಲಿ ವಿಜ್ಞಾನ ಕಲಿತ ಹುಡುಗಿ

ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಪಠ್ಯಪುಸ್ತಕದಲ್ಲಿ ಇಂಗ್ಲಿಷ್. ನಮ್ಮಲ್ಲಿ ಬಹಳಷ್ಟು ಮಂದಿಯ ದಿನ ಹೀಗೆಯೇ ಸಾಗುತ್ತದೆ. ಹೊರದೇಶದಲ್ಲಿ ಓದುವ ಮಾತು ಬಂದರೆ ವಿಜ್ಞಾನ ವಿಭಾಗದ ನನ್ನ ಗೆಳತಿಯರು ಹೆದರುವುದು ಅಂಕಗಳಿಗಲ್ಲ, ಭಾಷೆಗೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಆದರೂ ಮೇರಿ ಕ್ಯೂರಿಯವರ ಜೀವನ ಓದಿದ ಮೇಲೆ ಅದನ್ನು ಎಲ್ಲರ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು.

ಅವರು ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಮೊದಲ ಹೆಸರು ಮರಿಯಾ ಸ್ಕ್ಲೊಡೊವ್‌ಸ್ಕಾ. ಆಗ ಅಲ್ಲಿ ರಷ್ಯಾದ ಆಳ್ವಿಕೆ ಇತ್ತು. ಮನೆಮಾತು ಪೋಲಿಷ್, ಶಾಲೆಯಲ್ಲಿ ರಷ್ಯನ್. ಹತ್ತನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಹದಿನೈದರಲ್ಲಿ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದರು. ಆದರೆ ವಾರ್ಸಾ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ. ತಂದೆ ಗಣಿತ, ಭೌತಶಾಸ್ತ್ರದ ಅಧ್ಯಾಪಕರು. ಇಬ್ಬರು ಹೆಣ್ಣುಮಕ್ಕಳನ್ನು ಪ್ಯಾರಿಸ್‌ಗೆ ಕಳಿಸುವಷ್ಟು ಹಣ ಅವರ ಬಳಿ ಇರಲಿಲ್ಲ.

ಆಗ ಅಕ್ಕತಂಗಿಯರು ಒಂದು ಒಪ್ಪಂದ ಮಾಡಿಕೊಂಡರು. ಅಕ್ಕ ಬ್ರೊನ್ಯಾ ಮೊದಲು ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದುವುದು, ಮರಿಯಾ ದುಡಿದು ಹಣ ಕಳಿಸುವುದು. ಅಕ್ಕನ ಓದು ಮುಗಿದ ಮೇಲೆ ತಂಗಿಯ ಸರದಿ. ಮರಿಯಾ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ವಾರ್ಸಾದಿಂದ ದೂರದ ಒಂದು ಹಳ್ಳಿಯಲ್ಲಿ ಮೂರು ವರ್ಷ ಇದ್ದರು. ರಾತ್ರಿ ತಾವೇ ಗಣಿತ, ಭೌತಶಾಸ್ತ್ರ ಓದಿಕೊಂಡರು. ಬಿಡುವಿನಲ್ಲಿ ಅಲ್ಲಿನ ರೈತರ ಮಕ್ಕಳಿಗೆ ಪೋಲಿಷ್ ಕಲಿಸಿದರು. ಸಿಕ್ಕಿಬಿದ್ದಿದ್ದರೆ ಅದಕ್ಕೆ ಶಿಕ್ಷೆಯಾಗುತ್ತಿತ್ತು.

1891ರಲ್ಲಿ ಅವರ ಸರದಿ ಬಂತು. ಇಪ್ಪತ್ತನಾಲ್ಕರ ಮರಿಯಾ ರೈಲಿನ ಅತಿ ಅಗ್ಗದ ದರ್ಜೆಯಲ್ಲಿ ಪ್ಯಾರಿಸ್ ತಲುಪಿ, ಸೋರ್ಬಾನ್‌ನಲ್ಲಿ ಮೇರಿ ಎಂಬ ಹೆಸರಿನಲ್ಲಿ ದಾಖಲಾದರು. ಫ್ರೆಂಚ್ ಬರುತ್ತಿತ್ತು, ಆದರೆ ಪ್ರಾಧ್ಯಾಪಕರು ವೇಗವಾಗಿ ಮಾತಾಡಿದರೆ ಪೂರ್ತಿ ಹಿಡಿಯಲು ಆಗುತ್ತಿರಲಿಲ್ಲ. ಗಣಿತದಲ್ಲೂ ಜೊತೆಯವರಿಗಿಂತ ಹಿಂದಿದ್ದರು. ಅಕ್ಕನ ಮನೆಯಲ್ಲಿ ಪೋಲಿಷ್ ಮಾತು, ಬಂದುಹೋಗುವವರೂ ಪೋಲಿಷರೇ. ಕೆಲವು ತಿಂಗಳಲ್ಲಿ ಕಾಲೇಜಿನ ಹತ್ತಿರ ಒಂದು ಚಿಕ್ಕ ಮಾಳಿಗೆ ಕೋಣೆ ಹಿಡಿದು ಒಬ್ಬರೇ ಇದ್ದು ಓದಿದರು. ಚಳಿಗೆ ಕಲ್ಲಿದ್ದಲು ಸಾಲದು, ಊಟವೂ ಅಷ್ಟಕ್ಕಷ್ಟೆ. 1893ರಲ್ಲಿ ಭೌತಶಾಸ್ತ್ರದ ಪದವಿ ಪರೀಕ್ಷೆಯಲ್ಲಿ ಮೊದಲ ಸ್ಥಾನ! ಮರುವರ್ಷ ಗಣಿತದಲ್ಲಿ ಎರಡನೇ ಸ್ಥಾನ.

ಕಾಮರ್ಸ್‌ನವಳಾದ ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಗಣಿತ ಓದಲು ಅವರಿಗೆ ಪೋಲೆಂಡಿನಿಂದ 600 ರೂಬಲ್ ವಿದ್ಯಾರ್ಥಿವೇತನ ಬಂದಿತ್ತು. ಅದು ಸಾಲವಲ್ಲ, ಹಿಂತಿರುಗಿಸಬೇಕಾಗಿರಲಿಲ್ಲ. ಆದರೂ ಸಂಪಾದನೆ ಶುರುವಾದಾಗ ಅಷ್ಟನ್ನೂ ವಾಪಸ್ ಕೊಟ್ಟರು, ಇನ್ನೊಬ್ಬ ಬಡ ವಿದ್ಯಾರ್ಥಿಗೆ ಸಿಗಲಿ ಎಂದು. ಯಾವ ಲೆಕ್ಕಪುಸ್ತಕದಲ್ಲೂ ಇದು ಬಾಕಿ ಎಂದು ಬರುವುದಿಲ್ಲ. ಅವರ ಮನಸ್ಸಿನಲ್ಲಿ ಮಾತ್ರ ಬಾಕಿ ಇತ್ತು.

ಮುಂದಿನದು ನಿಮಗೆ ಗೊತ್ತೇ ಇದೆ. ಪತಿ ಪಿಯರ್ ಜೊತೆ ಸೇರಿ 1898ರಲ್ಲಿ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು. ಮೊದಲನೆಯದಕ್ಕೆ ತಾಯ್ನಾಡಿನ ನೆನಪಿನಲ್ಲಿ ಪೊಲೋನಿಯಂ ಎಂದು ಹೆಸರಿಟ್ಟರು. ಎರಡನೆಯದು ರೇಡಿಯಂ. 1903ರಲ್ಲಿ ಭೌತಶಾಸ್ತ್ರಕ್ಕೆ, 1911ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಬಂತು. 1934ರಲ್ಲಿ ತೀರಿಕೊಂಡರು.

ಫ್ರೆಂಚ್ ಪೂರ್ತಿ ಬಂದ ಮೇಲೆ ಹೋಗೋಣ ಎಂದು ಅವರು ಕಾಯಲಿಲ್ಲ. ಹೋದರು, ಅಲ್ಲೇ ಕಲಿತರು, ಮನೆಮಾತನ್ನೂ ಬಿಡಲಿಲ್ಲ. ಗೆಳತಿಯರೇ, ಅರ್ಜಿ ಹಾಕುವ ದಿನ ಬಂದಾಗ ಇಂಗ್ಲಿಷ್ ಸಾಲದು ಎಂದು ಹಿಂದೆ ಸರಿಯಬೇಡಿ. ತಂಗಿ ದುಡಿದು ಅಕ್ಕನನ್ನು ಓದಿಸಿದ ಮನೆ ಅದು. ನಮ್ಮ ಮನೆಗಳಲ್ಲೂ ಅಂಥ ಆಪಾ, ಅಂಥ ತಂಗಿ ಇದ್ದಾರೆ.