ಮನೆಯ ಅಟ್ಟದಿಂದ ಕಡಲಾಚೆಗೆ: ತಂತಿಯಿಲ್ಲದೆ ಸುದ್ದಿ ಕಳಿಸಿದ ಮಾರ್ಕೋನಿ



ಈ ಸಲದ ಗೋಡೆ ಪತ್ರಿಕೆಗೆ ನಾನು ಗುಗ್ಲಿಯೆಲ್ಮೊ ಮಾರ್ಕೋನಿ ಎಂಬ ವಿಜ್ಞಾನಿಯ ಜೀವನ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಯಾಕೆ ಗೊತ್ತಾ? ಈಗ ಹಳ್ಳಿಗಳ ಮನೆಗಳಿಗೂ ಒಂದೊಂದಾಗಿ ವೈಫೈ ಬರ್ತಾ ಇದೆ. ಗೋಡೆಗೆ ಎರಡು ಕೊಂಬಿನ ಒಂದು ಸಣ್ಣ ಪೆಟ್ಟಿಗೆ ಹಾಕಿ ಹೋಗ್ತಾರೆ. ಆಮೇಲೆ ಒಳಗಿನ ಕೋಣೆಯಲ್ಲಿ ಕೂತರೂ ಫೋನಿಗೆ, ಕಂಪ್ಯೂಟರಿಗೆ ತಂತಿಯೇ ಇಲ್ಲದೆ ಎಲ್ಲಾ ಬರುತ್ತೆ. ಇದಕ್ಕೆ ಬೀಜ ಬಿತ್ತಿದ ಕೆಲಸವೂ ಒಂದು ಮನೆಯಲ್ಲೇ ನಡೆದಿತ್ತು. ಆ ಕೆಲಸ ಮಾಡಿದಾಗ ಮಾರ್ಕೋನಿಯವರಿಗೆ ಬರೀ 20 ವರ್ಷ.

ಜನನ ಮತ್ತು ಬಾಲ್ಯ

ಮಾರ್ಕೋನಿಯವರು 1874ನೇ ಇಸವಿ ಏಪ್ರಿಲ್ 25ರಂದು ಇಟಲಿ ದೇಶದ ಬೊಲೋನ್ಯ ನಗರದಲ್ಲಿ ಜನಿಸಿದರು. ತಂದೆ ಜುಸೆಪ್ಪೆ ಮಾರ್ಕೋನಿ, ಜಮೀನ್ದಾರರು. ತಾಯಿ ಆ್ಯನಿ ಜೇಮ್ಸನ್, ಐರ್ಲೆಂಡ್ ದೇಶದವರು. ಅಲ್ಫಾನ್ಸೊ ಎಂಬ ಅಣ್ಣ ಇದ್ದರು. ಬೊಲೋನ್ಯ ಹತ್ತಿರದ ಹಳ್ಳಿಯಲ್ಲಿ ಇವರಿಗೆ ವಿಲ್ಲಾ ಗ್ರಿಫೋನೆ ಎಂಬ ದೊಡ್ಡ ಮನೆಯಿತ್ತು. ಸುತ್ತ ಹೊಲ, ತೋಟ, ಗುಡ್ಡ.

ಮಾರ್ಕೋನಿಯವರು ನಮ್ಮ ಹಾಗೆ ದಿನಾ ಸ್ಲೇಟು ಚೀಲ ಹಿಡಿದು ಸ್ಕೂಲಿಗೆ ಹೋಗಿ ಬೆಳೆದವರಲ್ಲ. ಹೆಚ್ಚಿನ ಪಾಠ ಮನೆಯಲ್ಲೇ ಆಯಿತು. ಆಮೇಲೆ ಲಿವೋರ್ನೊ ಎಂಬ ಊರಿನಲ್ಲಿ ಭೌತಶಾಸ್ತ್ರ ಕಲಿತರು. ಕಾಲೇಜು ಡಿಗ್ರಿ ಮಾತ್ರ ತೆಗೆದುಕೊಳ್ಳಲಿಲ್ಲ. ಆದರೆ ವಿದ್ಯುತ್ತು ಅಂದರೆ ಪ್ರಾಣ. ಯಾವಾಗ ನೋಡಿದರೂ ತಂತಿ, ಬ್ಯಾಟರಿ, ಗಂಟೆ ಇಟ್ಟುಕೊಂಡು ಏನಾದರೂ ಮಾಡ್ತಾ ಇದ್ದರು. ಮಗ ಹೊತ್ತು ಹಾಳು ಮಾಡ್ತಿದ್ದಾನೆ ಅಂತ ತಂದೆಗೆ ಬೇಸರ. ತಾಯಿ ಮಾತ್ರ ಮಗನ ಬೆನ್ನಿಗೆ ನಿಂತರು.

ಗಾಳಿಯಲ್ಲಿ ಕಾಣದ ಅಲೆಗಳು

ಆಗ ದೂರಕ್ಕೆ ಬೇಗ ಸುದ್ದಿ ಕಳಿಸಬೇಕಾದರೆ ತಂತಿ ಟೆಲಿಗ್ರಾಫೇ ಮುಖ್ಯ ದಾರಿ. ಕಂಬ ನೆಟ್ಟು ತಂತಿ ಎಳೆಯಬೇಕು. ಸಮುದ್ರದ ಮಧ್ಯೆ ಹೋಗುವ ಹಡಗಿಗೆ ಯಾರು ತಂತಿ ಎಳೆಯಲು ಆಗುತ್ತೆ? ದಡ ಬಿಟ್ಟ ಹಡಗಿನಲ್ಲಿ ಏನೇ ಆದರೂ ದಡದವರಿಗೆ ಗೊತ್ತಾಗುತ್ತಿರಲಿಲ್ಲ.

ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ವಿದ್ಯುತ್ತಿಗೂ ಕಾಂತಕ್ಕೂ ಸಂಬಂಧಪಟ್ಟ ಅಲೆಗಳು ಇರಲೇಬೇಕು ಅಂತ 1860ರ ದಶಕದಲ್ಲೇ ಲೆಕ್ಕದಿಂದ ತೋರಿಸಿದ್ದರು. ಜರ್ಮನಿಯ ಹೈನ್ರಿಕ್ ಹರ್ಟ್ಸ್ 1887-88ರಲ್ಲಿ ಪ್ರಯೋಗ ಮಾಡಿ ಆ ಅಲೆಗಳನ್ನು ಹುಟ್ಟಿಸಿ ತೋರಿಸಿದರು. ಆದರೆ ಹರ್ಟ್ಸ್ 1894ರ ಜನವರಿ 1ರಂದು ಬರೀ 36ನೇ ವಯಸ್ಸಿಗೆ ತೀರಿಕೊಂಡರು. ಬೊಲೋನ್ಯ ವಿಶ್ವವಿದ್ಯಾಲಯದ ಪ್ರೊಫೆಸರ್ ರೀಗಿಯವರು ಹರ್ಟ್ಸ್ ಬಗ್ಗೆ ಒಂದು ಲೇಖನ ಬರೆದರು. ಬೇಸಿಗೆ ರಜೆಗೆ ಬೆಟ್ಟದೂರಿಗೆ ಹೋಗಿದ್ದ ಮಾರ್ಕೋನಿಯವರು ಅದನ್ನು ಓದಿದರು. ಈ ಅಲೆಗಳಿಂದ ಸುದ್ದಿ ಕಳಿಸಿದರೆ ಹೇಗೆ ಅಂತ ತಲೆಯಲ್ಲಿ ಹುಳ ಬಿಟ್ಟ ಹಾಗೆ ಆಯಿತು.

ರೇಷ್ಮೆ ಹುಳದ ಅಟ್ಟ

ಮನೆಗೆ ಬಂದವರೇ ಅಟ್ಟ ಸೇರಿದರು. ಆ ಅಟ್ಟದಲ್ಲಿ ಮೊದಲು ರೇಷ್ಮೆ ಹುಳು ಸಾಕುತ್ತಿದ್ದರಂತೆ! ಅದೇ ಜಾಗದಲ್ಲಿ ಮಾರ್ಕೋನಿಯವರು ತಮ್ಮ ಸಾಮಾನು ಹರಡಿಕೊಂಡರು.

ಅವರ ಯಂತ್ರ ಹೇಗಿತ್ತು ಅಂತ ಹೇಳ್ತೀನಿ ಕೇಳಿ. ಒಂದು ಕಡೆ ಕಿಡಿ ಹಾರಿಸುವ ಯಂತ್ರ. ಕಿಡಿ ಹಾರಿದಾಗ ಕಾಣದ ಅಲೆ ಹೊರಡುತ್ತೆ. ಇನ್ನೊಂದು ಕಡೆ ಒಂದು ಸಣ್ಣ ಗಾಜಿನ ಕೊಳವೆ, ಅದರೊಳಗೆ ಲೋಹದ ಪುಡಿ. ಸುಮ್ಮನೆ ಇದ್ದಾಗ ಪುಡಿ ಬಿಡಿಬಿಡಿಯಾಗಿ ಇರುತ್ತೆ, ವಿದ್ಯುತ್ತು ಸರಿಯಾಗಿ ಹರಿಯಲ್ಲ. ಅಲೆ ಬಂದು ತಾಗಿದ ಕೂಡಲೇ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಬ್ಯಾಟರಿಯ ವಿದ್ಯುತ್ತು ಹರಿದು ಗಂಟೆ ಬಾರಿಸುತ್ತೆ. ಮತ್ತೆ ಪುಡಿ ಬಿಡಿಸಬೇಕಲ್ಲ, ಅದಕ್ಕೆ ಒಂದು ಪುಟ್ಟ ಸುತ್ತಿಗೆ ಕೊಳವೆಗೆ ಟಕ್ ಅಂತ ಹೊಡೆಯುತ್ತೆ. ಈ ಕೊಳವೆಯನ್ನು ಮೊದಲು ಮಾಡಿದವರು ಫ್ರಾನ್ಸಿನ ಬ್ರಾನ್ಲಿ ಎಂಬುವರು. ಮಾರ್ಕೋನಿಯವರು ಅದನ್ನು ಮತ್ತೆ ಮತ್ತೆ ತಿದ್ದಿ ಚೆನ್ನಾಗಿ ಕೆಲಸ ಮಾಡೋ ಹಾಗೆ ಮಾಡಿದರು.

1894ರ ಕೊನೆಯಲ್ಲಿ ಒಂದು ರಾತ್ರಿ ಮಲಗಿದ್ದ ತಾಯಿಯನ್ನು ಎಬ್ಬಿಸಿ ಅಟ್ಟಕ್ಕೆ ಕರೆದುಕೊಂಡು ಹೋದರಂತೆ. ಕೋಣೆಯ ಈ ಮೂಲೆಯಲ್ಲಿ ಗುಂಡಿ ಒತ್ತಿದರೆ ಆ ಮೂಲೆಯಲ್ಲಿ ಗಂಟೆ ಬಾರಿಸಿತು. ಮಧ್ಯೆ ಒಂದು ಎಳೆ ತಂತಿಯೂ ಇರಲಿಲ್ಲ.

ಗುಡ್ಡದಾಚೆ ಕೋವಿಯ ಸದ್ದು

ಕೋಣೆಯೊಳಗೆ ಗಂಟೆ ಬಾರಿಸಿದರೆ ಸಾಲದು. 1895ರಲ್ಲಿ ಮಾರ್ಕೋನಿಯವರು ಯಂತ್ರವನ್ನು ಮನೆಯಿಂದ ಹೊರಗೆ ತಂದರು. ಒಂದು ತಂತಿಯನ್ನು ಎತ್ತರಕ್ಕೆ ಏರಿಸಿ, ಇನ್ನೊಂದನ್ನು ಭೂಮಿಗೆ ಹೂತರು. ಮೇಲಿನದೇ ಆಂಟೆನಾ, ಕೆಳಗಿನದು ಅರ್ಥಿಂಗ್. ಆಂಟೆನಾ ಎತ್ತರ ಮಾಡಿದಷ್ಟೂ ಸುದ್ದಿ ದೂರ ಹೋಗುತ್ತೆ ಅಂತ ಗೊತ್ತಾಯಿತು.

ಕೊನೆಗೆ ಅಣ್ಣ ಅಲ್ಫಾನ್ಸೊ ಯಂತ್ರ ಹೊತ್ತುಕೊಂಡು ಗುಡ್ಡದ ಆಚೆ ಹೋದರು. ಆ ಕಡೆ ಇದ್ದವರು ಈ ಕಡೆಗೆ ಕಾಣಲ್ಲ, ಕೂಗಿದರೂ ಕೇಳಲ್ಲ. ಸುದ್ದಿ ಬಂದರೆ ಕೋವಿ ಹಾರಿಸಬೇಕು ಅಂತ ಮಾತಾಗಿತ್ತು. ಮಾರ್ಕೋನಿಯವರು ಗುಂಡಿ ಒತ್ತಿದರು. ಗುಡ್ಡದ ಆಚೆಯಿಂದ ಢಂ ಅಂತ ಸದ್ದು ಬಂತು! ಸುಮಾರು 2 ಕಿಲೋಮೀಟರ್ ದೂರ, ನಡುವೆ ಗುಡ್ಡ ಬೇರೆ. ಆಗ ತಂದೆಗೂ ಮಗನ ಮೇಲೆ ನಂಬಿಕೆ ಬಂತು.

ಇಂಗ್ಲೆಂಡಿನಲ್ಲಿ

1896ರಲ್ಲಿ ತಾಯಿ ಮಗ ಇಬ್ಬರೂ ಇಂಗ್ಲೆಂಡಿಗೆ ಹೋದರು. ಬಂದರಿನಲ್ಲಿ ಸುಂಕದವರು ಪೆಟ್ಟಿಗೆ ಬಿಚ್ಚಿ ಪರೀಕ್ಷೆ ಮಾಡುವಾಗ ಯಂತ್ರ ಹಾಳಾಯಿತು ಅಂತ ಹೇಳ್ತಾರೆ. ಮಾರ್ಕೋನಿಯವರು ಮತ್ತೆ ಹೊಸದಾಗಿ ಜೋಡಿಸಿದರು. ಅದೇ ವರ್ಷ ಜೂನ್ 2ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಪೇಟೆಂಟ್ ಅಂದರೆ ಈ ವಿಧಾನ ನನ್ನದು ಅಂತ ಸರ್ಕಾರದಿಂದ ಪಡೆಯುವ ಹಕ್ಕು. ಅಲ್ಲಿನ ಅಂಚೆ ಇಲಾಖೆಯ ಮುಖ್ಯ ಇಂಜಿನಿಯರ್ ಪ್ರೀಸ್ ಎಂಬುವರು ತುಂಬಾ ಸಹಾಯ ಮಾಡಿದರು.

1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಾಲುವೆಯ ನೀರು ದಾಟಿ ಸುಮಾರು 6 ಕಿ.ಮೀ. ಸುದ್ದಿ ಹೋಯಿತು. ಅದೇ ವರ್ಷ ಸ್ವಂತ ಕಂಪನಿ ಶುರುವಾಯಿತು. 1899ರಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಸಮುದ್ರದ ಮೇಲೆ ಸುಮಾರು 50 ಕಿ.ಮೀ. ಹೋಯಿತು. ಇಬ್ಬರು ಮೂವರು ಒಟ್ಟಿಗೆ ಕಳಿಸಿದರೆ ಸುದ್ದಿ ಕಲಸು ಮೇಲೋಗರ ಆಗ್ತಿತ್ತು. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಅಳತೆಯ ಅಲೆ ಇಟ್ಟುಕೊಳ್ಳುವ ವಿಧಾನಕ್ಕೆ 1900ರಲ್ಲಿ ಇನ್ನೊಂದು ಪೇಟೆಂಟ್ ಹಾಕಿದರು.

ಸಾಗರ ದಾಟಿದ ಮೂರು ಚುಕ್ಕಿ

ಅಟ್ಲಾಂಟಿಕ್ ಸಾಗರ ದಾಟಿಸುತ್ತೇನೆ ಅಂದಾಗ ಬಹಳ ಜನ ನಂಬಲಿಲ್ಲ. ಭೂಮಿ ದುಂಡಗಿದೆ, ಅಲೆ ನೇರ ಹೋಗಿ ಆಕಾಶ ಸೇರುತ್ತೆ, ಬಾಗಿ ಬರಲ್ಲ ಅಂತ ಅವರ ವಾದ. ಜೊತೆಗೆ ಕಷ್ಟದ ಮೇಲೆ ಕಷ್ಟ. 1901ರಲ್ಲಿ ಇಂಗ್ಲೆಂಡಿನ ಪೋಲ್ಡು ಎಂಬಲ್ಲಿ ನಿಲ್ಲಿಸಿದ್ದ ದೊಡ್ಡ ಕಂಬಗಳು ಬಿರುಗಾಳಿಗೆ ಮುರಿದು ಬಿದ್ದವು. ಅಮೆರಿಕದ ಕಡೆಯ ಕಂಬಗಳಿಗೂ ಅದೇ ಗತಿ.

ಮಾರ್ಕೋನಿಯವರು ಬಿಡಲಿಲ್ಲ. ಕೆನಡಾ ಪಕ್ಕದ ನ್ಯೂಫೌಂಡ್‌ಲ್ಯಾಂಡಿಗೆ ಹೋದರು. ಆಂಟೆನಾ ತಂತಿಯನ್ನು ಮೇಲಕ್ಕೆ ಎತ್ತಲು ಬಲೂನು ಬಿಟ್ಟರು, ಗಾಳಿಗೆ ಕಿತ್ತು ಹೋಯಿತು. ಆಮೇಲೆ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿದರು! 1901ರ ಡಿಸೆಂಬರ್ 12ರಂದು ಕಿವಿಗೆ ಟೆಲಿಫೋನ್ ಹಿಡಿದು ಕೂತಿದ್ದಾಗ ಮೂರು ಚುಕ್ಕಿಯ ಸದ್ದು ಕೇಳಿಸಿತು ಅಂತ ಅವರು ಹೇಳಿದರು. ಮೋರ್ಸ್ ಭಾಷೆಯಲ್ಲಿ ಮೂರು ಚುಕ್ಕಿ ಅಂದರೆ ಎಸ್ ಅಕ್ಷರ. ದೂರ ಸುಮಾರು 3500 ಕಿ.ಮೀ.

ಆ ದಿನ ನಿಜವಾಗಿ ಕೇಳಿಸಿತೋ ಇಲ್ಲವೋ ಅಂತ ಇಂದಿಗೂ ಚರ್ಚೆ ಇದೆ. ಯಾಕೆಂದರೆ ಕೇಳಿದ್ದು ಅವರೂ ಅವರ ಸಹಾಯಕರೂ ಮಾತ್ರ, ಕಾಗದದ ಮೇಲೆ ಗುರುತು ಬಿದ್ದಿರಲಿಲ್ಲ. ಆದ್ದರಿಂದ 1902ರಲ್ಲಿ ಹಡಗಿನಲ್ಲಿ ಹೋಗುತ್ತಾ ಕಾಗದದ ಮೇಲೇ ಗುರುತು ಬರುವ ಹಾಗೆ ಮಾಡಿ ತೋರಿಸಿದರು. ಭೂಮಿಯ ಮೇಲೆ ಎತ್ತರದಲ್ಲಿ ಒಂದು ವಿದ್ಯುತ್ ಪದರ ಇದೆ, ಅದಕ್ಕೆ ತಾಗಿ ಅಲೆ ವಾಪಸ್ ಬರುತ್ತೆ ಅನ್ನೋದು ಆಮೇಲೆ ತಿಳಿಯಿತು. 1909ರಲ್ಲಿ ಮಾರ್ಕೋನಿಯವರಿಗೂ ಜರ್ಮನಿಯ ಬ್ರೌನ್ ಅವರಿಗೂ ಸೇರಿ ನೊಬೆಲ್ ಬಹುಮಾನ ಬಂತು.

ಟೈಟಾನಿಕ್ ರಾತ್ರಿ

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಮಂಜುಗಡ್ಡೆಗೆ ಬಡಿಯಿತು. ಅದರಲ್ಲಿದ್ದ ವೈರ್‌ಲೆಸ್ ಕೆಲಸಗಾರರು ಫಿಲಿಪ್ಸ್ ಮತ್ತು ಬ್ರೈಡ್ ಮಾರ್ಕೋನಿ ಕಂಪನಿಯವರು. ಹಡಗು ಮುಳುಗುತ್ತಿದ್ದರೂ ಸಹಾಯ ಕೇಳಿ ಸುದ್ದಿ ಕಳಿಸುತ್ತಲೇ ಇದ್ದರು. ಸುಮಾರು 90 ಕಿ.ಮೀ. ದೂರದಲ್ಲಿದ್ದ ಕಾರ್ಪೇಥಿಯಾ ಎಂಬ ಹಡಗು ಕೇಳಿಸಿಕೊಂಡು ಬಂತು. 700ಕ್ಕೂ ಹೆಚ್ಚು ಜನ ಉಳಿದರು. ಸುಮಾರು 1500 ಜನ ತೀರಿಕೊಂಡರು. ಫಿಲಿಪ್ಸ್ ಕೂಡ ಉಳಿಯಲಿಲ್ಲ.

ಅದಕ್ಕಿಂತ ಹತ್ತಿರ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗಿತ್ತು. ಅದರಲ್ಲಿದ್ದ ಒಬ್ಬನೇ ವೈರ್‌ಲೆಸ್ ಕೆಲಸಗಾರ ಯಂತ್ರ ನಿಲ್ಲಿಸಿ ಮಲಗಿದ್ದ. ಯಂತ್ರ ಇದ್ದರೆ ಸಾಲದು, ಕೇಳಿಸಿಕೊಳ್ಳುವವರು ಎಚ್ಚರವಾಗಿರಬೇಕು ಅಂತ ಇದರಿಂದ ಜಗತ್ತು ಕಲಿಯಿತು. ಆಮೇಲೆ ಹಡಗುಗಳಲ್ಲಿ ಹಗಲೂ ರಾತ್ರಿ ಕಾಯಬೇಕು ಅಂತ ನಿಯಮ ಬಂತು.

ನಮ್ಮ ಬೋಸರು

ಇಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರನ್ನು ನೆನೆಯಲೇಬೇಕು. 1895ರಲ್ಲಿ, ಅಂದರೆ ಮಾರ್ಕೋನಿಯವರು ಗುಡ್ಡದ ಮೇಲೆ ಪ್ರಯೋಗ ಮಾಡ್ತಿದ್ದ ವರ್ಷವೇ, ಬೋಸರು ಕಲ್ಕತ್ತೆಯಲ್ಲಿ ಜನರ ಮುಂದೆ ಗೋಡೆ ದಾಟಿಸಿ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದಿನ ಪುಡಿಗೆ ಬೆಂಕಿ ಹೊತ್ತಿಸಿದರು. 1901ರಲ್ಲಿ ಮಾರ್ಕೋನಿಯವರು ಬಳಸಿದ ಪಾದರಸದ ಉಪಕರಣಕ್ಕೆ ಬೋಸರ ಕೆಲಸವೇ ಮೂಲ ಅಂತ ಹೇಳುವ ವಿಜ್ಞಾನಿಗಳೂ ಇದ್ದಾರೆ. ಬೋಸರಿಗೆ ಪೇಟೆಂಟ್ ಮಾಡಿಸಿ ದುಡ್ಡು ಮಾಡೋದು ಇಷ್ಟವಿರಲಿಲ್ಲ. ಮಾರ್ಕೋನಿಯವರ ಒಂದು ಪೇಟೆಂಟಿನ ಮುಖ್ಯ ಭಾಗಗಳನ್ನು ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲಿ ಒಪ್ಪಲಿಲ್ಲ. ಅದಕ್ಕೂ ಮುಂಚೆಯೇ ಬೇರೆಯವರು ಆ ಕೆಲಸ ಮಾಡಿದ್ದರು ಅಂತ ತೀರ್ಪು ಕೊಟ್ಟಿತು. ಹಾಗಾಗಿ ರೇಡಿಯೋ ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರು ಬರೆದರೆ ಪೂರ್ತಿ ಉತ್ತರ ಆಗಲ್ಲ ಅಂತ ನನ್ನ ಅನಿಸಿಕೆ. ಅಲೆ ಕಂಡವರು ಬೇರೆ, ಕೊಳವೆ ಮಾಡಿದವರು ಬೇರೆ. ಎಲ್ಲಾ ಸೇರಿಸಿ ಹಡಗಿನವರೆಗೆ ಮುಟ್ಟಿಸಿದವರು ಮಾರ್ಕೋನಿ.

ಕೊನೆಯ ವರ್ಷಗಳು

1912ರಲ್ಲಿ ಕಾರು ಅಪಘಾತವಾಗಿ ಮಾರ್ಕೋನಿಯವರು ಬಲಗಣ್ಣು ಕಳೆದುಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಎಲೆಟ್ರಾ ಎಂಬ ಹಡಗನ್ನೇ ಪ್ರಯೋಗಶಾಲೆ ಮಾಡಿಕೊಂಡು ಸಮುದ್ರದ ಮೇಲೆ ಓಡಾಡಿದರು. 1931ರಲ್ಲಿ ವ್ಯಾಟಿಕನ್ ರೇಡಿಯೋ ಕಟ್ಟಿಕೊಟ್ಟರು.

ಒಂದು ವಿಷಯ ಬಿಟ್ಟು ಬರೆಯುವುದು ಸರಿಯಲ್ಲ. 1923ರಲ್ಲಿ ಅವರು ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದರು. ಆ ಸರ್ಕಾರ ಜನರ ಬಾಯಿ ಕಟ್ಟಿತ್ತು. ಮಾತು ದೂರ ಹೋಗಲಿ ಅಂತ ಜೀವನ ಪೂರ್ತಿ ದುಡಿದವರು, ಮಾತಾಡಲು ಬಿಡದವರ ಜೊತೆ ಸೇರಿದ್ದು ನನಗೆ ಸರಿ ಕಾಣಲಿಲ್ಲ. ದೊಡ್ಡವರಿಂದ ಒಳ್ಳೆಯದನ್ನು ಮಾತ್ರ ಕಲಿಯಬೇಕು.

1937ರ ಜುಲೈ 20ರಂದು ರೋಮ್ ನಗರದಲ್ಲಿ ಮಾರ್ಕೋನಿಯವರು ನಿಧನರಾದರು. ಅವರ ಗೌರವಕ್ಕಾಗಿ ರೇಡಿಯೋ ಕೇಂದ್ರಗಳು ಎರಡು ನಿಮಿಷ ಮೌನವಾಗಿದ್ದವು. ವಿಲ್ಲಾ ಗ್ರಿಫೋನೆ ಮನೆಯ ಹತ್ತಿರವೇ ಅವರ ಸಮಾಧಿ ಇದೆ. ಅದೇ ವರ್ಷ ನವೆಂಬರ್ 23ರಂದು ನಮ್ಮ ಬೋಸರೂ ತೀರಿಕೊಂಡರು.

ಮೈಸೂರಿನ ಒಂದು ಮನೆ

ನಮ್ಮ ಕರ್ನಾಟಕದಲ್ಲೂ ರೇಡಿಯೋ ಒಂದು ಮನೆಯಿಂದಲೇ ಶುರುವಾಯಿತು ಗೊತ್ತಾ? ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಬಾನುಲಿ ಕೇಂದ್ರ ನಡೆಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು.

ನಮ್ಮ ಮನೆಯ ವೈಫೈ

ವೈಫೈ ಪೆಟ್ಟಿಗೆಗೆ ರೌಟರ್ ಅಂತಾರೆ. ಅದರ ಕೊಂಬುಗಳೇ ಆಂಟೆನಾ. ಮಾರ್ಕೋನಿಯವರು ಸಾಗರ ದಾಟಿಸಿದ ಅಲೆ ನೂರಾರು ಮೀಟರ್ ಉದ್ದದ್ದು. ಬೋಸರ ಅಲೆ ಕೆಲವೇ ಮಿಲಿಮೀಟರ್. ವೈಫೈ ಅಲೆ ಹೆಚ್ಚೆಂದರೆ ಸುಮಾರು 12 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಉದ್ದದಲ್ಲಿ ಅದು ಬೋಸರ ಅಲೆಗೇ ಹತ್ತಿರದ ನೆಂಟ!

ಆದ್ದರಿಂದ ಮನೆಗೆ ವೈಫೈ ಹಾಕಿಸುವವರು ಇಷ್ಟು ನೆನಪಿಡಿ.

1. ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಸ್ವಲ್ಪ ಎತ್ತರದಲ್ಲಿ ಇಡಬೇಕು. ಮೂಲೆಯಲ್ಲಿ ಇಟ್ಟರೆ ಅರ್ಧ ಅಲೆ ಬೀದಿಗೆ ಹೋಗುತ್ತೆ.
2. ಕಬ್ಬಿಣದ ಬೀರು, ನೀರಿನ ಡ್ರಮ್ಮಿನ ಹಿಂದೆ ಇಡಬಾರದು. ಲೋಹ ಅಲೆಯನ್ನು ತಡೆಯುತ್ತೆ, ನೀರು ಹೀರಿಕೊಳ್ಳುತ್ತೆ. ದಪ್ಪ ಕಲ್ಲುಗೋಡೆಯೂ ಅಲೆಯ ಬಲ ತಗ್ಗಿಸುತ್ತೆ.
3. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿ ಉದ್ದದ್ದು ಇಡಬೇಕು. ಗಾಳಿಯಲ್ಲಿ ಹೋಗುವ ಅಲೆ ನಮ್ಮ ಮನೆಯ ಗೋಡೆಗೇ ನಿಲ್ಲಲ್ಲ, ಪಕ್ಕದವರಿಗೂ ಸಿಗುತ್ತೆ.

ಲಾಕ್‌ಡೌನ್ ಕಾಲದಲ್ಲಿ, 2020ರಲ್ಲಿ, ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕೂತರು. ಅಲ್ಫಾನ್ಸೊ ಯಂತ್ರ ಹೊತ್ತು ಗುಡ್ಡದ ಆಚೆ ಹೋಗಿ 125 ವರ್ಷವಾದ ಮೇಲೂ ಮಕ್ಕಳು ಅಲೆಗಾಗಿ ಗುಡ್ಡ ಹತ್ತಬೇಕಾಯಿತು. ಹಾಗಾದರೆ ಮಾರ್ಕೋನಿಯವರ ಕೆಲಸ ಇನ್ನೂ ಮುಗಿದಿಲ್ಲ ಅಂತಾಯಿತು. ಅದನ್ನು ಮುಗಿಸುವವರು ನಮ್ಮ ತರಗತಿಯಲ್ಲೇ ಯಾಕೆ ಇರಬಾರದು? ಡಿಗ್ರಿ ಇಲ್ಲದ 20 ವರ್ಷದ ಹುಡುಗ ರೇಷ್ಮೆ ಹುಳದ ಅಟ್ಟದಲ್ಲಿ ಶುರು ಮಾಡಿದ್ದರೆ, ನಮಗೂ ಶುರು ಮಾಡಲು ಜಾಗ ಸಿಕ್ಕೇ ಸಿಗುತ್ತೆ.

ಯೋಚಿಸಿ ಉತ್ತರಿಸಿ: ಆಂಟೆನಾ ಎತ್ತರ ಮಾಡಿದಷ್ಟೂ ಸುದ್ದಿ ದೂರ ಹೋಗುತ್ತೆ. ಹಾಗಾದರೆ ನಮ್ಮೂರಿನಲ್ಲಿ ಟವರ್ ಹಾಕಲು ಅತಿ ಒಳ್ಳೆಯ ಜಾಗ ಯಾವುದು? ಉತ್ತರವನ್ನು ಕಾರಣ ಸಮೇತ ಬರೆದು ಪತ್ರಿಕೆಯ ಕೆಳಗಿರುವ ಪೆಟ್ಟಿಗೆಗೆ ಹಾಕಿ.

- 7ನೇ ತರಗತಿ