ಕಾಗೆ ಮುಟ್ಟಿದ ಕಥೆ ಮತ್ತು ಮುಂಬೈಯ ಗಣಿತ ಮೇಷ್ಟ್ರು

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ತಿಂಗಳಿಗೆ ಮೂರು ದಿನ ಅಮ್ಮ ಹಿತ್ತಲ ಕಡೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಯಾಕೆ ಅಂತ ಕೇಳಿದರೆ ಅಜ್ಜಿಯ ಉತ್ತರ ಒಂದೇ: ಅಮ್ಮನನ್ನು ಕಾಗೆ ಮುಟ್ಟಿದೆ. ಅಮ್ಮನನ್ನು ನನ್ನಿಂದ ದೂರ ಮಾಡಿದ ಆ ಕಾಗೆಯ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಹಿತ್ತಲಿನಲ್ಲಿ ಕಂಡ ಕಾಗೆಗಳಿಗೆಲ್ಲ ಕಲ್ಲು ಹೊಡೆಯುತ್ತಿದ್ದೆ. ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಸಂತಾನೋತ್ಪತ್ತಿ ಪಾಠ ಬಂದಾಗ ಮೇಷ್ಟ್ರು ಅದನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಮುಂದಿನ ಪಾಠಕ್ಕೆ ಹಾರಿದರು. ನಾನು ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ, ಮದುವೆಯಾಗುವವರೆಗೆ, ಈ ವಿಷಯದಲ್ಲಿ ನನಗೆ ತಿಳಿದದ್ದು ಹಾಸ್ಟೆಲಿನ ಪೋಲಿ ಮಾತುಗಳಷ್ಟೇ.

ಈಗ ನಾನಿರುವುದು ಮುಂಬೈಯ ಸಯನ್‌ನಲ್ಲಿ. ಇಲ್ಲಿ ಕಾಗೆಗಳಿಗೇನೂ ಬರವಿಲ್ಲ. ಹತ್ತು ವರ್ಷದ ಮಗಳಿದ್ದಾಳೆ. ಹೋದ ತಿಂಗಳು ಅವಳನ್ನು ಕರೆದುಕೊಂಡು ಮೆಡಿಕಲ್ ಶಾಪಿಗೆ ಹೋಗಿದ್ದೆ. ನೆಗಡಿ ಮಾತ್ರೆಯನ್ನು ಹಾಗೇ ಕೈಗೆ ಕೊಟ್ಟ ಅಂಗಡಿಯವನು, ಹೆಂಡತಿ ಹೇಳಿಕಳಿಸಿದ್ದ ಪ್ಯಾಡಿನ ಪೊಟ್ಟಣವನ್ನು ಮಾತ್ರ ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲದೊಳಗಿಟ್ಟು, ಆಚೀಚೆ ನೋಡಿ ಕೊಟ್ಟ. ದಾರಿಯಲ್ಲಿ ಮಗಳು ಕೇಳಿದಳು, ಅದೊಂದನ್ನೇ ಯಾಕೆ ಅಡಗಿಸಿ ಕೊಟ್ಟರು ಅಂತ. ನಾನು ಸಿಗ್ನಲ್ ಕಡೆ ನೋಡಿದೆ. ನನ್ನ ಬಾಯಲ್ಲಿ ಬಂದದ್ದು ಕಾಗೆಯಲ್ಲ ಅಷ್ಟೇ. ಅದಕ್ಕಿಂತ ಒಳ್ಳೆಯ ಉತ್ತರವೂ ಅಲ್ಲ.

ಸಂಜೆ ಇದನ್ನು ನಮ್ಮ ಕಟ್ಟಡದ ಕೆಳಗಿನ ಮನೆಯ ಮರಾಠಿ ಕಾಕಾ ಅವರಿಗೆ ಹೇಳಿದೆ. ನಿವೃತ್ತ ಮೇಷ್ಟ್ರು. ಅವರು ನಕ್ಕು, ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆಂದು ಹೊರಟು ನೌಕರಿ ಕಳೆದುಕೊಂಡ ಒಬ್ಬ ಗಣಿತದ ಪ್ರೊಫೆಸರ್ ಇದ್ದರು, ಗೊತ್ತೇ ಎಂದರು. ಹಾಗೆ ನನಗೆ ಪರಿಚಯವಾದವರು ರಘುನಾಥ ಧೋಂಡೋ ಕರ್ವೆ. ಮಹಾರಾಷ್ಟ್ರದಲ್ಲಿ ದೊಡ್ಡ ಹೆಸರು. ನಮ್ಮಲ್ಲಿ ಕೇಳಿದವರು ಕಡಿಮೆ.

ಕರ್ವೆ ಎಂದೊಡನೆ ನಮಗೆ ನೆನಪಾಗುವುದು ಅಪ್ಪ, ಮಹರ್ಷಿ ಧೋಂಡೋ ಕೇಶವ ಕರ್ವೆ. ವಿಧವೆಯರ ಮರುಮದುವೆಗಾಗಿ ಹೋರಾಡಿದವರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು. ಇಂದಿನ ಎಸ್‌ಎನ್‌ಡಿಟಿ ಅದೇ. ಅವರ ಹಿರಿಯ ಮಗನೇ ರಘುನಾಥ. ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣದ ಮುರುಡ್‌ನಲ್ಲಿ. ಒಂಬತ್ತು ವರ್ಷದವನಾಗಿದ್ದಾಗ, 1891ರಲ್ಲಿ, ತಾಯಿ ರಾಧಾಬಾಯಿ ಹೆರಿಗೆಯಲ್ಲಿ ತೀರಿಕೊಂಡರು. ಹೆರಿಗೆ ಎಂದರೆ ಹೆಂಗಸರು ಸಾವಿನ ಬಾಗಿಲು ತಟ್ಟಿ ಬರುವುದು ಎಂಬ ಮಾತಿದ್ದ ಕಾಲ ಅದು. ಎರಡು ವರ್ಷದ ನಂತರ ತಂದೆ ಒಬ್ಬ ವಿಧವೆಯನ್ನು ಮದುವೆಯಾದರು. ಊರು ಬಹಿಷ್ಕಾರ ಹಾಕಿತು. ಜನ ಬೈಯುವುದು, ಮನೆಗೆ ಬರದಿರುವುದು, ಇವೆಲ್ಲ ಆ ಹುಡುಗನಿಗೆ ಹನ್ನೊಂದನೆಯ ವಯಸ್ಸಿಗೇ ರೂಢಿಯಾಗಿರಬೇಕು.

ಹುಡುಗ ಓದಿನಲ್ಲಿ ಜಾಣ. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಓದಿ 1899ರ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲಿಗನಾದ. ಫರ್ಗ್ಯುಸನ್ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿ ಗಣಿತದ ಅಧ್ಯಾಪಕನಾದ. 1919ರಲ್ಲಿ ಗಣಿತದ ಹೆಚ್ಚಿನ ಓದಿಗೆ ಪ್ಯಾರಿಸ್‌ಗೆ ಹೋದ. ಹಿಂದಿರುಗಿ ಬಂದಾಗ ಜೊತೆಯಲ್ಲಿ ಗಣಿತವಷ್ಟೇ ಅಲ್ಲ, ಮನುಷ್ಯನ ದೇಹದ ಬಗ್ಗೆ ನಾಚಿಕೆಯಿಲ್ಲದೆ ಮಾತಾಡಬಹುದು ಎಂಬ ದೃಢ ನಂಬಿಕೆಯೂ ಇತ್ತು.

1921ರಲ್ಲಿ ಕರ್ವೆ ಮುಂಬೈಯಲ್ಲಿ ಸಂತತಿ ನಿಯಂತ್ರಣದ ಕೇಂದ್ರ ತೆರೆದರು. ಭಾರತದಲ್ಲಿ ಅದೇ ಮೊದಲನೆಯದು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಕ್ಲಿನಿಕ್ ತೆರೆದದ್ದೂ ಅದೇ ವರ್ಷ. ಆಗ ಈ ಶಾಸ್ತ್ರ ಎಷ್ಟು ಎಳೆಯದಾಗಿತ್ತು ಎಂದರೆ, ತಿಂಗಳಿನ ಯಾವ ದಿನಗಳಲ್ಲಿ ಅಂಡಾಣು ಬಿಡುಗಡೆಯಾಗುತ್ತದೆ ಎಂಬುದೇ ವೈದ್ಯರಿಗೆ ಖಚಿತವಿರಲಿಲ್ಲ. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಎಂದು ಜಪಾನಿನ ಓಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ತೋರಿಸಿಕೊಟ್ಟದ್ದು ಆ ಬಳಿಕ. ಗರ್ಭನಿರೋಧಕ ಗುಳಿಗೆ ಬರಲು ಇನ್ನೂ ನಲವತ್ತು ವರ್ಷ ಬಾಕಿಯಿತ್ತು. ಇದ್ದ ಸಲಕರಣೆ ಕಡಿಮೆ, ಕೇಳಲು ಬರುವವರೂ ಕಡಿಮೆ. ಬಂದವರೂ ಕದ್ದುಮುಚ್ಚಿಯೇ ಬರುವ ಕಾಲ.

ಕರ್ವೆ ಆಗ ವಿಲ್ಸನ್ ಕಾಲೇಜಿನಲ್ಲಿ ಪ್ರೊಫೆಸರ್. ಗಿರಗಾಂವ್ ಚೌಪಾಟಿಯ ಎದುರಿಗೆ ಇಂದಿಗೂ ಇರುವ ಕಲ್ಲಿನ ಕಟ್ಟಡ ಅದು. ಮಿಷನರಿಗಳು ಕಟ್ಟಿದ ಕಾಲೇಜು. ಮೇಷ್ಟ್ರು ಬಹಿರಂಗವಾಗಿ ಸಂತತಿ ನಿಯಂತ್ರಣದ ಮಾತಾಡುವುದು ಆಡಳಿತಕ್ಕೆ ಹಿಡಿಸಲಿಲ್ಲ. ಪ್ರಚಾರ ಬಿಡಬೇಕು ಇಲ್ಲವೇ ನೌಕರಿ ಬಿಡಬೇಕು ಎಂಬಲ್ಲಿಗೆ ಬಂತು. 1925ರಲ್ಲಿ ಕರ್ವೆ ನೌಕರಿ ಬಿಟ್ಟರು. ತಿಂಗಳ ಸಂಬಳದ ಮೇಲೆ ಬದುಕುವ ನನ್ನಂಥವನಿಗೆ ಈ ಒಂದು ಸಾಲು ಓದಿ ಮುಂದಕ್ಕೆ ಹೋಗುವುದು ಕಷ್ಟವಾಯಿತು. ನಲವತ್ತಮೂರು ವರ್ಷದ ಮನುಷ್ಯ, ಪ್ಯಾರಿಸ್‌ನಲ್ಲಿ ಓದಿದವರು. ಬಾಯಿ ಮುಚ್ಚಿಕೊಂಡಿದ್ದರೆ ಪಿಂಚಣಿವರೆಗೆ ಯೋಚನೆಯಿರಲಿಲ್ಲ.

ಮನೆ ನಡೆಸಿದ್ದರಲ್ಲಿ ಹೆಂಡತಿ ಮಾಲತಿಬಾಯಿಯವರ ಪಾಲು ದೊಡ್ಡದು. ಮಕ್ಕಳು ಬೇಡವೆಂದು ಗಂಡಹೆಂಡಿರಿಬ್ಬರೂ ಕೂಡಿಯೇ ತೀರ್ಮಾನಿಸಿದ್ದರು. ಆ ಕಾಲದಲ್ಲಿ ಮಕ್ಕಳಿಲ್ಲದ ಹೆಣ್ಣಿಗೆ ಊರು ಕೊಡುತ್ತಿದ್ದ ಹೆಸರು ನಮಗೆಲ್ಲ ಗೊತ್ತು. ಕರ್ವೆಯವರ ಹೆಸರು ಉಳಿದಿದೆ. ಅದರ ಬೆಲೆಯನ್ನು ಆಕೆಯೂ ಸಮನಾಗಿ ತೆತ್ತರು.

1927ರ ಜುಲೈಯಲ್ಲಿ ಕರ್ವೆ ಸಮಾಜ ಸ್ವಾಸ್ಥ್ಯ ಎಂಬ ಮರಾಠಿ ಮಾಸಪತ್ರಿಕೆ ಶುರು ಮಾಡಿದರು. ಋತುಸ್ರಾವ, ಹರೆಯದಲ್ಲಿ ಮೈಯಲ್ಲಾಗುವ ಬದಲಾವಣೆ, ಹಸ್ತಮೈಥುನದ ಬಗ್ಗೆ ಹುಡುಗರಲ್ಲಿ ತುಂಬಿಸಿದ್ದ ಭಯ, ಲೈಂಗಿಕ ರೋಗಗಳು, ಗರ್ಭಧಾರಣೆ ತಡೆಯುವ ಬಗೆ, ದಾಂಪತ್ಯದಲ್ಲಿ ಹೆಣ್ಣಿನ ಸುಖದ ಹಕ್ಕು ಇವೆಲ್ಲ ಅಲ್ಲಿ ಅಚ್ಚಾಗುತ್ತಿದ್ದವು. ಓದುಗರು ಪತ್ರ ಬರೆದು ಪ್ರಶ್ನೆ ಕೇಳುತ್ತಿದ್ದರು, ಕರ್ವೆ ಪತ್ರಿಕೆಯಲ್ಲೇ ಉತ್ತರಿಸುತ್ತಿದ್ದರು. ಯಾರ ಹತ್ತಿರವೂ ಕೇಳಲಾಗದ್ದನ್ನು ಅಂಚೆಯಲ್ಲಿ ಕೇಳಬಹುದಿತ್ತು. ಸಂಬಂಧಿ ಶಕುಂತಲಾ ಪರಾಂಜಪೆಯವರೂ ಈ ಕೆಲಸಕ್ಕೆ ಕೈಹಚ್ಚಿದರು. ಸಿನಿಮಾ ನಿರ್ದೇಶಕಿ ಸಯಿ ಪರಾಂಜಪೆಯವರ ತಾಯಿ ಆಕೆ. ಪತ್ರಿಕೆಯಿಂದ ಲಾಭವೆಂಬುದು ಇರಲಿಲ್ಲ. ಆದರೂ ಇಪ್ಪತ್ತಾರು ವರ್ಷ ನಡೆಸಿದರು.

ಆ ಕಾಲದ ಮುಂಬೈಯನ್ನು ನಾವು ಕನ್ನಡಿಗರು ಸ್ವಲ್ಪ ನೆನೆಸಿಕೊಳ್ಳಬೇಕು. ಕರಾವಳಿಯಿಂದ ಹೊರಟ ಹುಡುಗರು ಮೀಸೆ ಮೂಡುವ ಮುಂಚೆಯೇ ಇಲ್ಲಿಯ ಹೋಟೆಲು, ಕ್ಯಾಂಟೀನುಗಳಿಗೆ ಬಂದು ಸೇರುತ್ತಿದ್ದರು. ಹಗಲು ಕೆಲಸ, ರಾತ್ರಿ ಕನ್ನಡದ ರಾತ್ರಿಶಾಲೆ, ಮಲಗುವುದು ಹೋಟೆಲಿನ ಬೆಂಚಿನ ಮೇಲೆ. ಹರೆಯವೆಂಬುದು ಅವರಿಗೆ ಬಂದದ್ದು ಅಪ್ಪ ಅಮ್ಮ, ಅಕ್ಕ ಅಣ್ಣ ಯಾರೂ ಹತ್ತಿರ ಇಲ್ಲದ ಊರಿನಲ್ಲಿ. ಗಂಟಲು ಒಡೆದಾಗ, ರಾತ್ರಿ ಬಟ್ಟೆ ಒದ್ದೆಯಾದಾಗ, ಇದು ರೋಗವಲ್ಲ, ಎಲ್ಲರಿಗೂ ಆಗುವುದೇ ಎಂದು ಹೇಳುವವರು ಯಾರಿದ್ದರು? ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ಮಾತ್ರ. ಸಿಫಿಲಿಸ್‌ಗೆ ಪೆನಿಸಿಲಿನ್ ಸಿಕ್ಕಿದ್ದು 1940ರ ದಶಕದಲ್ಲಿ. ಅದಕ್ಕೂ ಮುಂಚೆ ಅಜ್ಞಾನಕ್ಕೆ ತೆರಬೇಕಾದ ಬೆಲೆ ಇಡೀ ಆಯುಷ್ಯವೇ. ಕರ್ವೆಯವರ ಪತ್ರಿಕೆ ಮರಾಠಿಯಲ್ಲಿತ್ತು, ಈ ಹುಡುಗರ ಕೈಗೆ ಅದು ಬಂದಿತ್ತೆಂದು ನಾನು ಹೇಳಲಾರೆ. ಆದರೆ ಅದು ಯಾರಿಗಾಗಿ ಇತ್ತು ಎಂದು ಕೇಳಿದರೆ ನನ್ನ ಕಣ್ಣ ಮುಂದೆ ಬರುವವರು ಇವರೇ.

ಸರ್ಕಾರ ಸುಮ್ಮನಿರಲಿಲ್ಲ. 1931ರಲ್ಲಿ ವ್ಯಭಿಚಾರದ ಕುರಿತ ಲೇಖನವೊಂದಕ್ಕೆ ಅಶ್ಲೀಲತೆಯ ಆರೋಪ ಹೊರಿಸಿ ಕೇಸು ಹಾಕಿತು. 100 ರೂಪಾಯಿ ದಂಡವಾಯಿತು. 1934ರಲ್ಲಿ ಮತ್ತೊಂದು ಕೇಸು. ಈ ಸಲ ತಪ್ಪು ಏನೆಂದರೆ, ಓದುಗರು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು. ಕರ್ವೆಯವರ ಪರವಾಗಿ ನಿಂತ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ನಮ್ಮ ಸಯನ್‌ನಿಂದ ಕೂಗಳತೆಯಲ್ಲಿರುವ ದಾದರಿನ ಹಿಂದೂ ಕಾಲೊನಿಯಲ್ಲಿ ರಾಜಗೃಹ ಕಟ್ಟಿಸಿದ್ದರಲ್ಲ, ಆ ದಿನಗಳ ಮಾತು. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗದು, ಜನ ಕೇಳಿದ್ದಕ್ಕೆ ತಿಳಿದವರು ಉತ್ತರಿಸಬೇಕು, ವಿಕೃತಿ ಏನಾದರೂ ಇದ್ದರೆ ಅದು ಹೋಗುವುದು ತಿಳಿವಳಿಕೆಯಿಂದಲೇ ಎಂಬುದು ಅವರ ವಾದದ ತಿರುಳು. ಕೇಸು ಸೋತಿತು. ಈ ಸಲದ ದಂಡ 200 ರೂಪಾಯಿ. ಆದರೆ ಅಂಬೇಡ್ಕರ್ ಆ ವಿಷಯ ಅಲ್ಲಿಗೇ ಬಿಡಲಿಲ್ಲ. 1938ರ ನವೆಂಬರಿನಲ್ಲಿ ಅವರ ಪಕ್ಷ ಮುಂಬೈ ವಿಧಾನಸಭೆಯಲ್ಲಿ ಸಂತತಿ ನಿಯಂತ್ರಣದ ಗೊತ್ತುವಳಿ ತಂದಿತು. ಅದೂ ಬಿದ್ದುಹೋಯಿತು.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿಯನ್ನೂ ಸೇರಿಸಬೇಕು. ಮುಂಬೈ ಕರ್ವೆಯವರಿಗೆ ದಂಡ ಹಾಕುವುದಕ್ಕೂ ಮುಂಚೆ, 1930ರಲ್ಲಿ, ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಜಗತ್ತಿನಲ್ಲೇ ಒಂದು ಸರ್ಕಾರ ಇಂಥ ಕೆಲಸಕ್ಕೆ ಇಳಿದದ್ದು ಅದೇ ಮೊದಲು. ಒಂದೂರಿನಲ್ಲಿ ಒಬ್ಬ ಮನುಷ್ಯನ ಅಪರಾಧವಾದದ್ದು, ಇನ್ನೊಂದೂರಿನಲ್ಲಿ ಸರ್ಕಾರಿ ಆಸ್ಪತ್ರೆಯ ಕೆಲಸ.

ಕರ್ವೆ ಎಲ್ಲರಿಗೂ ಪ್ರಿಯರಾಗುವ ಸ್ವಭಾವದವರಲ್ಲ. ಸಂಯಮವೊಂದೇ ದಾರಿ ಎಂದ ಗಾಂಧೀಜಿಯವರನ್ನೂ ನೇರವಾಗಿ ಟೀಕಿಸಿದರು. ದೇವರನ್ನು ನಂಬುತ್ತಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಅವರು ಬರೆದದ್ದೆಲ್ಲ ಇಂದಿನ ವಿಜ್ಞಾನಕ್ಕೆ ಹೊಂದಬೇಕೆಂದೂ ಇಲ್ಲ. ಆದರೆ ಲೆಕ್ಕದ ಮೇಷ್ಟ್ರ ಒಂದು ಗುಣ ಕೊನೆವರೆಗೂ ಇತ್ತು: ಪ್ರಶ್ನೆ ಕೇಳಿದವನನ್ನು ಗದರಿಸಬಾರದು, ಹಂತಹಂತವಾಗಿ ಉತ್ತರಿಸಬೇಕು.

1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯ ಕಾರ್ಯಕ್ರಮ ಆರಂಭಿಸಿತು. ಮರುವರ್ಷ, 1953ರ ಅಕ್ಟೋಬರ್ 14ರಂದು, ಕರ್ವೆ ತೀರಿಕೊಂಡರು. ನವೆಂಬರಿನ ಸಂಚಿಕೆಯೊಂದಿಗೆ ಪತ್ರಿಕೆಯೂ ನಿಂತಿತು. ತಂದೆ ಇನ್ನೂ ಇದ್ದರು. 1958ರಲ್ಲಿ, ನೂರರ ವಯಸ್ಸಿನಲ್ಲಿ, ಅವರಿಗೆ ಭಾರತರತ್ನ ಬಂತು. ಅದು ನ್ಯಾಯವೇ. ಮಗನ ಲೆಕ್ಕಕ್ಕೆ ಬಂದದ್ದು ದಂಡದ ರಸೀತಿಗಳು. ಬಹಳ ಕಾಲದ ಮೇಲೆ, 2001ರಲ್ಲಿ, ಅಮೋಲ್ ಪಾಲೇಕರ್ ಅವರ ಬದುಕಿನ ಮೇಲೆ ಧ್ಯಾಸಪರ್ವ ಎಂಬ ಮರಾಠಿ ಸಿನಿಮಾ ಮಾಡಿದರು. ಕಾಕಾ ನನಗೆ ನೋಡಲು ಹೇಳಿದ್ದು ಅದನ್ನೇ.

ಇದೆಲ್ಲ ಹಳೆಯ ಕಥೆ ಎನ್ನೋಣವೇ? 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಅದನ್ನು ನಿಲ್ಲಿಸಿದ ರಾಜ್ಯಗಳಲ್ಲಿ ನಾನು ಹುಟ್ಟಿದ ರಾಜ್ಯವೂ ಇತ್ತು, ಈಗ ಬದುಕುತ್ತಿರುವ ರಾಜ್ಯವೂ ಇತ್ತು. ಹಾಗೆಂದು ನಮ್ಮಲ್ಲಿ ಹೇಳುವವರೇ ಇರಲಿಲ್ಲ ಎಂದೂ ಅಲ್ಲ. ನಮ್ಮ ತೀರ್ಥಹಳ್ಳಿಯವರೇ ಆದ ಡಾ. ಅನುಪಮಾ ನಿರಂಜನ ಹದಿಹರೆಯದ ಹೆಣ್ಣುಮಕ್ಕಳಿಗಾಗಿ ಕೇಳು ಕಿಶೋರಿ ಎಂಬ ಪುಸ್ತಕವನ್ನೇ ಬರೆದಿದ್ದರು. ಅದು ನಮ್ಮ ಮನೆಗೆ ಬರಲಿಲ್ಲ, ಅಷ್ಟೇ. ಬಂದಿದ್ದರೆ ಎಷ್ಟೋ ಕಾಗೆಗಳು ನನ್ನ ಕಲ್ಲಿನಿಂದ ತಪ್ಪಿಸಿಕೊಳ್ಳುತ್ತಿದ್ದವು.

ಹೋದ ಭಾನುವಾರ ನಾನು, ಹೆಂಡತಿ ಇಬ್ಬರೂ ಮಗಳನ್ನು ಕೂರಿಸಿಕೊಂಡು ಮಾತಾಡಿದೆವು. ಒಂಬತ್ತರಿಂದ ಹದಿನೈದರ ನಡುವೆ ಯಾವಾಗ ಬೇಕಾದರೂ ಮುಟ್ಟು ಶುರುವಾಗಬಹುದು, ಮಗು ಬೆಳೆಯಲೆಂದು ಗರ್ಭಕೋಶ ಸಿದ್ಧಮಾಡಿಕೊಂಡ ಒಳಪದರ ಬೇಡವಾದಾಗ ಕಳಚಿ ಹೊರಬರುತ್ತದೆ, ಮೊದಮೊದಲು ತಿಂಗಳ ಲೆಕ್ಕ ಏರುಪೇರಾಗುವುದು ಸಹಜ, ಶಾಲೆಯಲ್ಲಾದರೆ ಹೆದರಬೇಡ, ಟೀಚರಿಗೆ ಹೇಳು ಎಂದೆವು. ನಾನು ಎರಡು ಕಡೆ ತಡವರಿಸಿದೆ. ಅವಳು ತಡವರಿಸಲಿಲ್ಲ. ಹುಡುಗರಿಗೆ ಏನಾಗುತ್ತದೆ, ಅವರಿಗೆ ಯಾರು ಹೇಳುತ್ತಾರೆ ಎಂದು ಕೇಳಿದಳು. ಊರಿನಲ್ಲಿ ಅಕ್ಕನ ಮಗನಿಗೆ ಹದಿಮೂರು. ಅವನಿಗೂ ನಾನೇ ಫೋನು ಮಾಡಬೇಕು.

ದೀಪಾವಳಿಗೆ ಅಮ್ಮ ಬರುತ್ತಾಳೆ, ಎರಡು ತಿಂಗಳು ಇರುತ್ತಾಳೆ. ಮಗಳ ಆ ಮೊದಲ ದಿನ ಅದೇ ಸಮಯದಲ್ಲಿ ಬಂದರೆ ಅಮ್ಮ ಮೂಲೆಯಲ್ಲಿ ಚಾಪೆ ಹಾಸು ಎನ್ನಬಹುದು. ಅವಳೊಡನೆ ಜಗಳವಾಡುವ ಮನಸ್ಸು ನನಗಿಲ್ಲ. ಮೂವತ್ತು ವರ್ಷ ಆ ಚಾಪೆಯ ಮೇಲೆ ಕೂತವಳು ಅವಳೇ. ಬಂದ ಮೊದಲ ವಾರವೇ ಅವಳ ಹತ್ತಿರ ಕೂತು ಕೇಳಬೇಕೆಂದಿದ್ದೇನೆ, ಆ ಮೂರು ದಿನ ನಿನಗೆ ಹೇಗನಿಸುತ್ತಿತ್ತಮ್ಮಾ ಅಂತ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಅದನ್ನು ಕೇಳಿಲ್ಲ.